ಕೈ ತೊಳೆದರಾ ಅಂತ ನೋಡೋಕೆ ಒಬ್ಬರು ಬೇಕು

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಡಾಕ್ಟರ್‌ಗೆ ಕೈ ತೊಳೆಯೋಕೆ ಕಾವಲು ಬೇಕಾ? ಅವರು ಓದಿದವರು." ಎರಡು ದಿನದಿಂದ ಈ ಮಾತು ನನ್ನನ್ನು ಕೊರೆಯುತ್ತಿದೆ.

ಸರಿ, ಓದಿದವರ ಊರಿಗೇ ಹೋಗೋಣ. ಅಮೆರಿಕದ ಬೆಥೆಸ್ಡಾ. ಅಲ್ಲಿನ ಎನ್‌ಐಎಚ್ (ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ) ಕ್ಲಿನಿಕಲ್ ಸೆಂಟರ್ ಸರ್ಕಾರದ ಸಂಶೋಧನಾ ಆಸ್ಪತ್ರೆ. 2011ರ ಜೂನ್‌ನಲ್ಲಿ ನ್ಯೂಯಾರ್ಕ್‌ನಿಂದ ಒಬ್ಬ ರೋಗಿ ಬಂದರು. ಮೈಯಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ. ಡಾಕ್ಟರ್‌ಗಳು ಕೊನೆಗೆಂದು ಎತ್ತಿಟ್ಟುಕೊಳ್ಳುವ ಕಾರ್ಬಪೆನಮ್ ಆಂಟಿಬಯೋಟಿಕ್‌ಗೂ ಜಗ್ಗದ ಜಾತಿ. ಇದು ಆಸ್ಪತ್ರೆಯವರಿಗೆ ಮೊದಲೇ ಗೊತ್ತಿತ್ತು. ಪ್ರತ್ಯೇಕ ಇಟ್ಟರು. ಗ್ಲೌಸು, ಗೌನು ಎಲ್ಲಾ ಆಯಿತು. ಜುಲೈನಲ್ಲಿ ರೋಗಿ ಡಿಸ್ಚಾರ್ಜ್ ಆದರು.

ಆಗಸ್ಟ್‌ನಲ್ಲಿ ಇನ್ನೊಬ್ಬರಲ್ಲಿ ಅದೇ ಕಾಣಿಸಿತು. ಆಮೇಲೆ ಮತ್ತೊಬ್ಬರು. ಒಟ್ಟು 18 ಜನ. 11 ಜನ ತೀರಿಕೊಂಡರು. ಅದರಲ್ಲಿ 6 ಜನರ ಸಾವಿಗೆ ಈ ಬ್ಯಾಕ್ಟೀರಿಯಾನೇ ಕಾರಣ ಅಂತ 2012ರ ವರದಿ ಹೇಳಿತು. ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿ ನೋಡಿದರೆ ಎಲ್ಲದರ ಮೂಲ ಆ ಮೊದಲ ರೋಗಿಯೇ. ಕೆಲವರ ಕರುಳಲ್ಲಿ ಅದು ಸದ್ದಿಲ್ಲದೆ ಕೂತಿತ್ತು, ಜ್ವರವೂ ಇಲ್ಲ. ಸಿಂಕಿನ ಪೈಪಲ್ಲಿ ಸಿಕ್ಕಿತು. ತೊಳೆದಿಟ್ಟ ವೆಂಟಿಲೇಟರ್‌ನಲ್ಲೂ ಸಿಕ್ಕಿತು!

ಅವರು ಏನು ಮಾಡಿದರು? ಸೋಂಕಿತರನ್ನು ಬೇರೆ ಇಡೋಕೆ ಗೋಡೆ ಕಟ್ಟಿದರು. ಕೋಣೆಗೆ ರೋಗಾಣು ಕೊಲ್ಲೋ ಹೈಡ್ರೋಜನ್ ಪೆರಾಕ್ಸೈಡ್ ಆವಿ ಬಿಟ್ಟರು. ಜೊತೆಗೆ, ಕೇಳಿಸಿಕೊಳ್ಳಿ, ಕೈ ತೊಳೆಯುತ್ತಾರಾ ಅಂತ ನೋಡೋಕೆ ಜನ ನಿಲ್ಲಿಸಿದರು. ಅಂಥ ಜಾಗದಲ್ಲೇ ಕಾವಲು! ಅವರಿಗೆ ಅವಮಾನ ಆಗಲಿಲ್ಲ, ನಿಮಗ್ಯಾಕೆ ಆಗುತ್ತದೆ?

"ಗ್ಲೌಸ್ ಇದೆಯಲ್ಲ" ಅನ್ನುವವರಿಗೆ ಒಂದು ಮಾತು. ನನ್ನ ಅಮ್ಮ ವಾರ್ಡಲ್ಲಿದ್ದಾಗ ಒಂದೇ ಜೊತೆ ಗ್ಲೌಸ್ ಮೂರು ಮಂಚ ಸುತ್ತಿದ್ದನ್ನು ನಾನೇ ನೋಡಿದ್ದೇನೆ. ಆ ಗ್ಲೌಸ್ ಯಾರನ್ನು ಕಾಪಾಡಿತು? ಹಾಕಿಕೊಂಡವರನ್ನು ಮಾತ್ರ. ಅವತ್ತು ನಾನು ಬಾಯಿ ಬಿಡಲಿಲ್ಲ. ಆ ಸಂಕಟಕ್ಕೇ ಈ ಚಾನೆಲ್ ಶುರು ಮಾಡಿದ್ದು. ಸಬ್‌ಸ್ಕ್ರೈಬ್ ಮಾಡಿ, ಆಸ್ಪತ್ರೆಯಲ್ಲಿ ಯಾರಾದರೂ ಇದ್ದರೆ ಅವರ ಮನೆಯವರಿಗೆ ಇವತ್ತೇ ಕಳಿಸಿ.

"ಹೊಸ ಔಷಧಿ ಬರುತ್ತೆ ಬಿಡಿ" ಅಂತೀರಾ? ಬರಲಿ. ಬರೋವರೆಗೆ? ಆಲ್ಕೋಹಾಲ್ ರಬ್ ಉಜ್ಜೋಕೆ 20ರಿಂದ 30 ಸೆಕೆಂಡು ಸಾಕು. ಅಷ್ಟೂ ಇಲ್ವಾ? ಒಬ್ಬರನ್ನು ನಿಲ್ಲಿಸಿ ಸ್ವಾಮಿ. ಪ್ರತಿ ಐಸಿಯುನಲ್ಲೂ ಒಬ್ಬರು, ಹಗಲೂ ರಾತ್ರಿ. ಕೈ ನೋಡೋದೇ ಅವರ ಕೆಲಸ.

ಕಾಮೆಂಟ್ ಹಾಕಿದವರೇ, ನಿಮ್ಮ ಅಮ್ಮ ಆ ಮಂಚದ ಮೇಲಿದ್ದಾಗ ಇದೇ ಮಾತು ಬರೆಯುತ್ತೀರಾ?