ಮೋಡದ ಬಣ್ಣ ಬಿಡಿ, ಅಂಚು ನೋಡಿ

ಗೆಳೆಯರೇ, ನಮಸ್ಕಾರ.

ಮೋಡ ಕಪ್ಪಗಿದೆ, ಇನ್ನೇನು ಮಳೆ ಬಂತು ಎನ್ನುವುದು ನಮ್ಮೆಲ್ಲರ ರೂಢಿ. ಮೋಡ ಗುರುತಿಸಲು ಕಲಿಯುವವರು ಮೊದಲು ಬಿಡಬೇಕಾದದ್ದು ಇದನ್ನೇ. ಮೋಡ ಕಪ್ಪಗೆ ಕಾಣುವುದು ಅದು ದಪ್ಪಗಿರುವುದರಿಂದಷ್ಟೇ ಅಲ್ಲ, ಸೂರ್ಯ ಅದರ ಹಿಂದೆ ಇರುವುದರಿಂದಲೂ ಹೌದು. ಸಂಜೆ ನಾಲ್ಕಕ್ಕೆ ಪಶ್ಚಿಮದಲ್ಲಿ ಕಪ್ಪಗೆ ಕಾಣುವ ಅದೇ ರಾಶಿ ಮೋಡ ಪೂರ್ವದಲ್ಲಿ ಇದ್ದಿದ್ದರೆ ಬೆಳ್ಳಗೆ ಹೊಳೆಯುತ್ತಿತ್ತು.

ಶಾಲೆಯಲ್ಲಿ ನಾವು ಕಲಿತದ್ದು ಹಿಮಕಣ, ರಾಶಿ, ಪದರ, ವೃಷ್ಟಿ ಎಂಬ ನಾಲ್ಕು ಬಗೆ. 1802ರಲ್ಲಿ ಲಂಡನ್ನಿನ ಲ್ಯೂಕ್ ಹೊವಾರ್ಡ್ ಎಂಬ ಔಷಧ ತಯಾರಕ ಒಂದು ಉಪನ್ಯಾಸದಲ್ಲಿ ಕೊಟ್ಟ ಸಿರಸ್, ಕ್ಯುಮುಲಸ್, ಸ್ಟ್ರೇಟಸ್, ನಿಂಬಸ್ ಎಂಬ ಹೆಸರುಗಳೇ ಇವಕ್ಕೆ ಮೂಲ. ಮೋಡ ಗಳಿಗೆಗೊಮ್ಮೆ ರೂಪ ಬದಲಿಸುತ್ತದೆ, ಹಾಗಾಗಿ ಹೆಸರುಗಳೂ ಒಂದರೊಡನೊಂದು ಕೂಡುವಂತಿರಬೇಕು ಎಂದು ಆತ ಕಂಡುಕೊಂಡ. ಇನ್ನೂರು ವರ್ಷ ಕಳೆದರೂ ಆ ಪದ್ಧತಿ ನಿಂತಿರುವುದಕ್ಕೆ ಇದೇ ಕಾರಣ. 1896ರಲ್ಲಿ ಅಂತರರಾಷ್ಟ್ರೀಯ ಮೋಡದ ಅಟ್ಲಾಸ್ ಮೊದಲ ಬಾರಿಗೆ ಅಚ್ಚಾಯಿತು. ಇಂದು ಅದನ್ನು ವಿಶ್ವ ಹವಾಮಾನ ಸಂಸ್ಥೆ ಹೊರತರುತ್ತದೆ. ಹೀಗೆ ಹೆಸರು ಕೂಡಿಸಿ ಬಂದ ಮುಖ್ಯ ಬಗೆಗಳು 2017ರ ಆವೃತ್ತಿಯಲ್ಲೂ ಹತ್ತೇ.

ಪುಸ್ತಕಗಳು ಈ ಹತ್ತನ್ನೂ ಎತ್ತರದ ಮೇಲೆ ವಿಂಗಡಿಸುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ಯುರೋಪಿನ ಪುಸ್ತಕಗಳಲ್ಲಿ ಮಧ್ಯಮ ಮೋಡ 2ರಿಂದ 7 ಕಿ.ಮೀ., ಎತ್ತರದ್ದು 5ರಿಂದ 13 ಕಿ.ಮೀ. ಎಂದಿರುತ್ತದೆ. ಅದು ಸಮಶೀತೋಷ್ಣ ವಲಯದ ಲೆಕ್ಕ. ನಮ್ಮ ಉಷ್ಣವಲಯದಲ್ಲಿ ಮಧ್ಯಮ ಮೋಡ 2ರಿಂದ 8, ಎತ್ತರದ್ದು 6ರಿಂದ 18 ಕಿ.ಮೀ. ಕೆಳಗಿನವು ಮಾತ್ರ ಎಲ್ಲೆಡೆ 2 ಕಿ.ಮೀ. ಒಳಗೆ. ಆದರೆ ಆಕಾಶಕ್ಕೆ ಅಳತೆಪಟ್ಟಿ ಹಿಡಿಯಲಾದೀತೇ? ಎತ್ತರವನ್ನು ಕಣ್ಣಂದಾಜಿನಲ್ಲಿ ಹೇಳಹೊರಟವರು ತಪ್ಪುವುದೇ ಹೆಚ್ಚು. ಸುತ್ತಲಿನ ಬೆಟ್ಟಗಳು ಇದಕ್ಕೆ ನೆರವಾಗುತ್ತವೆ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಚಿಕ್ಕಮಗಳೂರಿನಿಂದ ನೋಡುವಾಗ ತುದಿ ಮೋಡದಲ್ಲಿ ಮುಚ್ಚಿದ್ದರೆ ಮೋಡದ ತಳ ಸಮುದ್ರಮಟ್ಟದಿಂದ ಅದಕ್ಕಿಂತ ಕೆಳಗಿದೆ ಎಂದಾಯಿತು. ಬೆಟ್ಟವಿಲ್ಲದ ಊರಿನಲ್ಲಿ, ಹಗಲಿನ ರಾಶಿ ಮೋಡಗಳ ಮಟ್ಟಿಗೆ ಒಂದು ಲೆಕ್ಕವಿದೆ: ನೆಲದ ಬಳಿಯ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು (ಗಾಳಿ ತಣಿದು ಇಬ್ಬನಿ ಕಟ್ಟತೊಡಗುವ ಉಷ್ಣಾಂಶವನ್ನು) ಕಳೆದು 125ರಿಂದ ಗುಣಿಸಿ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್, ಇಬ್ಬನಿ ಬಿಂದು 22 ಇದ್ದರೆ ತಳ ನೆಲದಿಂದ ಸುಮಾರು 1,000 ಮೀಟರ್. ಪದರ ಮೋಡಗಳಿಗೆ ಈ ಲೆಕ್ಕ ಹಾಕಬೇಡಿ, ತಪ್ಪು ಉತ್ತರ ಬರುತ್ತದೆ.

ಉಂಡೆ ಉಂಡೆಯಾಗಿ ಹರಡಿದ ಮೋಡಕ್ಕೆ ಬೆರಳಳತೆ ಸಾಕು. ತೋಳನ್ನು ಪೂರ್ತಿ ಚಾಚಿ. ಒಂದು ಉಂಡೆ ಕಿರುಬೆರಳಿನ ಅಗಲದಲ್ಲಿ ಮುಚ್ಚಿಹೋದರೆ, ಎಂದರೆ 1 ಡಿಗ್ರಿಗಿಂತ ಕಿರಿದಾಗಿದ್ದರೆ, ಅದು ಎತ್ತರದ ಸಿರೊಕ್ಯುಮುಲಸ್. ಮೂರು ಬೆರಳು ಬೇಕಾದರೆ, ಸುಮಾರು 5 ಡಿಗ್ರಿಯವರೆಗೆ, ಮಧ್ಯಮ ಎತ್ತರದ ಆಲ್ಟೊಕ್ಯುಮುಲಸ್. ಅದನ್ನೂ ಮೀರಿದರೆ ಕೆಳಗಿನ ಸ್ಟ್ರೇಟೊಕ್ಯುಮುಲಸ್. ದಿಗಂತದಿಂದ 30 ಡಿಗ್ರಿ ಮೇಲಿನ ಮೋಡವನ್ನಷ್ಟೇ ಹೀಗೆ ಅಳೆಯಬೇಕು. ಚಾಚಿದ ಕೈಯ ಒಂದು ಮುಷ್ಟಿ ಹತ್ತಿರಹತ್ತಿರ 10 ಡಿಗ್ರಿ, ಆದ್ದರಿಂದ ಮೂರು ಮುಷ್ಟಿ ಎತ್ತರದಿಂದ ಶುರುಮಾಡಿ. ಅದಕ್ಕಿಂತ ಕೆಳಗಿನ ಮೋಡ ದೂರದಲ್ಲಿರುವುದರಿಂದ ಎಲ್ಲವೂ ಒತ್ತೊತ್ತಾಗಿ, ಚಿಕ್ಕದಾಗಿ ಕಾಣುತ್ತವೆ. ಸ್ಟ್ರೇಟೊಕ್ಯುಮುಲಸನ್ನು ಆಲ್ಟೊಕ್ಯುಮುಲಸ್ ಎಂದು ಬರೆದುಬಿಡುವುದು ಈ ಎಡವಟ್ಟಿನಿಂದಲೇ.

ಆಕಾಶವಿಡೀ ಚಾದರದಂತೆ ಕವಿದಿದ್ದರೆ ಬೆರಳು ಕೆಲಸಕ್ಕೆ ಬಾರದು, ಆಗ ಸೂರ್ಯನೇ ಉಪಕರಣ. ನೇರ ದಿಟ್ಟಿಸಬೇಡಿ, ಕಂಬದ ಮರೆಯಲ್ಲಿ ನಿಂತು ಅವನ ಸುತ್ತಮುತ್ತ ನೋಡಿ. ಸೂರ್ಯನ ಸುತ್ತ ಬಣ್ಣದ ಉಂಗುರವಿದ್ದು ನೆಲದ ಮೇಲೆ ನಿಮ್ಮ ನೆರಳೂ ಬಿದ್ದಿದ್ದರೆ ಸಿರೊಸ್ಟ್ರೇಟಸ್. ಮಂಜುಗಡ್ಡೆಯ ಆರು ಮೂಲೆಯ ಹರಳುಗಳು ಬೆಳಕನ್ನು ಬಾಗಿಸಿ 22 ಡಿಗ್ರಿ ದೂರದಲ್ಲಿ ಆ ಉಂಗುರ ಕಟ್ಟುತ್ತವೆ. 2021ರ ಮೇ 24ರಂದು ಬೆಂಗಳೂರಿನವರು ಫೋಟೋ ತೆಗೆದು ಹಂಚಿಕೊಂಡದ್ದು ಇದನ್ನೇ. ಉಜ್ಜಿದ ಗಾಜಿನ ಹಿಂದೆ ಇಟ್ಟ ಹಾಗೆ ಸೂರ್ಯ ಮಸುಕಾಗಿದ್ದು, ಉಂಗುರವೂ ಇಲ್ಲ ನೆರಳೂ ಇಲ್ಲ ಎಂದಾದರೆ ಆಲ್ಟೊಸ್ಟ್ರೇಟಸ್. ಸೂರ್ಯ ಎಲ್ಲಿದ್ದಾನೆಂದೇ ತಿಳಿಯದೆ ಬಿಡದೆ ಮಳೆ ಸುರಿಯುತ್ತಿದ್ದರೆ ನಿಂಬೊಸ್ಟ್ರೇಟಸ್. ಮಲೆನಾಡಿನ ಜಡಿಮಳೆಯ ಎಷ್ಟೋ ದಿನಗಳಲ್ಲಿ ತಲೆಯ ಮೇಲಿರುವುದು ಇದು. ಗುಡ್ಡಕ್ಕೆ ತಾಗಿಕೊಂಡು, ಬಿದ್ದರೆ ತುಂತುರು ಮಾತ್ರ ಬೀಳಿಸುವ ಬೂದು ಪದರ ಸ್ಟ್ರೇಟಸ್. ಕೆಳಗಿನ ಊರಿನವರಿಗೆ ಸ್ಟ್ರೇಟಸ್ ಆಗಿರುವ ಮೋಡ ಗುಡ್ಡದ ಮೇಲಿರುವವರಿಗೆ ಮಂಜು. ನೋಟ 1 ಕಿ.ಮೀ.ಗಿಂತ ಕಡಿಮೆ ದೂರಕ್ಕೆ ನಿಂತರೆ ಮಂಜು ಎಂದೇ ದಾಖಲಿಸಬೇಕು.

ಆಷಾಢದ ಗಾಳಿಯಲ್ಲಿ ಗದಗ, ಚಿತ್ರದುರ್ಗದ ಕಡೆ ದಿನವಿಡೀ ಮೋಡ ಓಡುತ್ತದೆ, ಮಳೆ ಮಾತ್ರ ಇಲ್ಲ. ಬಿತ್ತಿ ಕೂತ ರೈತರಿಗೆ ಇದಕ್ಕಿಂತ ಸಂಕಟದ ನೋಟವಿಲ್ಲ. ಘಟ್ಟದಲ್ಲಿ ನೀರಿಳಿಸಿ ಬಂದ ಗಾಳಿ ಪೂರ್ವಕ್ಕೆ ಇಳಿಯುತ್ತ ಬಿಸಿಯಾಗುತ್ತದೆ, ಮೋಡ ಮೇಲಕ್ಕೆ ಬೆಳೆಯುವುದಿಲ್ಲ. ಮೋಡದ ಹನಿಯ ಅಡ್ಡಳತೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ. ಒಂದು ಮಳೆಹನಿಯಾಗಲು ಅಂಥವು ಸುಮಾರು ಹತ್ತು ಲಕ್ಷ ಕೂಡಬೇಕು, ಅದಕ್ಕೆ ದಪ್ಪ ಮೋಡವೂ ಸಮಯವೂ ಬೇಕು. ಓಡುವ ಆ ಮೋಡಗಳು ಬಹುಪಾಲು ಸ್ಟ್ರೇಟೊಕ್ಯುಮುಲಸ್ ಮತ್ತು ಕುಳ್ಳ ಕ್ಯುಮುಲಸ್. ಎಷ್ಟೇ ಕಪ್ಪಗಿದ್ದರೂ ತೆಳುವಾದವು.

ಇನ್ನು ರಾಶಿ ಮೋಡ. ಅಗಲಕ್ಕಿಂತ ಎತ್ತರ ಕಡಿಮೆಯಿದ್ದರೆ ಹ್ಯುಮಿಲಿಸ್, ಒಣ ಹವೆಯ ಗುರುತು. ಬೆಳೆದು ಗೋಪುರದಂತೆ ನಿಂತರೆ ಕಂಜೆಸ್ಟಸ್, ಇದು ಜೋರು ಮಳೆ ಸುರಿಸಬಲ್ಲದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಒಂದೇ ಗಂಟೆಯೊಳಗೆ ಇದು ಗುಡುಗು ಮೋಡವಾಗಬಹುದು. ಆ ತಿರುವು ಕಾಣುವುದು ತುದಿಯ ಅಂಚಿನಲ್ಲಿ. ತುದಿ ಚೂಪಾಗಿ ಗೆರೆ ಕೊರೆದಂತೆ ಇರುವವರೆಗೂ ಅಲ್ಲಿರುವುದು ನೀರಹನಿ. ಅಂಚು ಕಲಸಿದಂತಾಗಿ ಎಳೆ ಎಳೆಯಾಗತೊಡಗಿದರೆ ಮಂಜುಗಡ್ಡೆ ಕಟ್ಟಿದೆ ಎಂದರ್ಥ. ಮಂಜುಗಡ್ಡೆಯ ಹರಳು ನೀರಹನಿಗಿಂತ ನಿಧಾನವಾಗಿ ಆವಿಯಾಗುವುದರಿಂದ ಅಂಚು ಮಸುಕಾಗುತ್ತದೆ. ಆ ಗಳಿಗೆಯಿಂದ ಅದರ ಹೆಸರು ಕ್ಯುಮುಲೊನಿಂಬಸ್. ಬೆಳೆಯುತ್ತ ಹೋಗಿ ಟ್ರೋಪೋಪಾಸ್ (ವಾತಾವರಣದ ಕೆಳಪದರದ ಮೇಲಂಚು) ಮುಟ್ಟಿದಾಗ ಮೇಲೆ ದಾರಿಯಿಲ್ಲದೆ ತುದಿ ಚಪ್ಪಟೆಯಾಗಿ ಪಕ್ಕಕ್ಕೆ ಹರಡುತ್ತದೆ. ನಮ್ಮಲ್ಲಿ ಅದು 15 ಕಿ.ಮೀ. ದಾಟುವುದುಂಟು.

ದೂರದಿಂದ ಸ್ಪಷ್ಟವಾಗಿ ಕಾಣುವ ಈ ಮೋಡ ತಲೆಯ ಮೇಲೆ ಬಂದಾಗ ಬರೀ ಬೂದು ಚಾವಣಿ. ಆಗ ನಿಂಬೊಸ್ಟ್ರೇಟಸ್ ಎಂದು ಬರೆಯುವ ತಪ್ಪು ಬಹಳ ಸಾಮಾನ್ಯ. ನಿಯಮ ಇಷ್ಟೇ: ಮಿಂಚು, ಗುಡುಗು, ಆಲಿಕಲ್ಲು, ಇವುಗಳಲ್ಲಿ ಒಂದಿದ್ದರೂ ಕ್ಯುಮುಲೊನಿಂಬಸ್ ಎಂದೇ ಬರೆಯಬೇಕು. ಜೊತೆಗೆ ಸಮಯ, ದಿಕ್ಕು, ಆಕಾಶದ ಎಂಟು ಪಾಲಿನಲ್ಲಿ ಎಷ್ಟು ಪಾಲು ಮುಚ್ಚಿದೆ ಎಂಬುದನ್ನೂ ಬರೆದಿಡಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಈ ಎಣಿಕೆಯನ್ನು ಮನೆಯೊಳಗಿನಿಂದ ಮಾಡಿ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನೀವಿರುವಲ್ಲಿಗೂ ತಲುಪಬಲ್ಲದು. ಕೂಡಲೇ ತಾರಸಿಯಿಂದ ಇಳಿದುಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೂ ಮತ್ತೆ ಹತ್ತಬೇಡಿ.