ಹುಳಕ್ಕೆ ಸ್ಮಾರಕ ಕಟ್ಟಿಸಿದ ಊರು

ಕೇಳುಗರಿಗೆಲ್ಲ ನಮಸ್ಕಾರ.

ಬಸವನಗುಡಿಯ ಕಥೆ ನಿಮಗೆ ಗೊತ್ತಿರುತ್ತೆ. ಕಡಲೆಕಾಯಿ ಹೊಲಕ್ಕೆ ಬಸವ ನುಗ್ಗಿ ಮೇಯುತ್ತಿತ್ತಂತೆ. ರೈತ ಸಿಟ್ಟಿಗೆದ್ದು ದೊಣ್ಣೆ ಬೀಸಿದ. ಬಸವ ಅಲ್ಲೇ ಕೂತು ಕಲ್ಲಾಯಿತು. ಆಮೇಲೆ ಅದಕ್ಕೇ ಗುಡಿ, ಅದಕ್ಕೇ ಮೊದಲ ಕಡಲೆಕಾಯಿ. ಬೆಳೆ ತಿಂದವನಿಗೇ ಪೂಜೆ! ಇಂಥದ್ದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಅಮೆರಿಕದ ದಕ್ಷಿಣದಲ್ಲಿ, ಅಲಬಾಮಾ ರಾಜ್ಯದ ಎಂಟರ್‌ಪ್ರೈಸ್ ಎಂಬ ಊರಿನ ವಿಷಯ ತಿಳಿದ ಮೇಲೆ ಆ ಮಾತು ವಾಪಸ್ ತೆಗೆದುಕೊಂಡೆ.

ಆ ಸೀಮೆಯಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಹತ್ತಿ. ಸಾಲ ಹುಟ್ಟುತ್ತಿದ್ದದ್ದು ಹತ್ತಿಯ ಮೇಲೆ, ಅಂಗಡಿ ಬಾಕಿ ತೀರುತ್ತಿದ್ದದ್ದೂ ಹತ್ತಿ ಬಿಡಿಸಿದ ಮೇಲೆ. ಹಾವೇರಿ, ಧಾರವಾಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಹತ್ತಿ ಬೀಜವೂ ಅವರಿಗೆ ಹೊಸದಲ್ಲ. 1840ರ ದಶಕದಲ್ಲೇ ಕಂಪನಿ ಸರ್ಕಾರ ಅದನ್ನು ಧಾರವಾಡದ ಎರೆಹೊಲಗಳಲ್ಲಿ ಬಿತ್ತಿಸಿತ್ತು.

ಅಮೆರಿಕದ ಆ ಹತ್ತಿ ಸೀಮೆಗೆ ಬಂತು ನೋಡಿ ಒಂದು ಹುಳ. ಹೆಸರು ಬೋಲ್ ವೀವಿಲ್. ನಮ್ಮ ತೆಂಗಿಗೆ ಬೀಳುವ ಕೆಂಪು ಮೂತಿಹುಳುವಿನ ದಾಯಾದಿ, ಆದರೆ ತೀರಾ ಸಣ್ಣದು. ಸುಮಾರು 6 ಮಿಲಿಮೀಟರ್, ಅಷ್ಟೆ. ಹೆಣ್ಣುಹುಳ ಉದ್ದ ಮೂತಿಯಿಂದ ಹತ್ತಿ ಮೊಗ್ಗನ್ನು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗೇ ಕೂತು ತಿನ್ನುತ್ತದೆ. ಮೊಗ್ಗು ಹಳದಿಯಾಗಿ ಉದುರುತ್ತದೆ. ದೂರದಿಂದ ನೋಡಿದರೆ ಹೊಲ ಹಚ್ಚಗೆ ಚೆಂದ. ಹತ್ತಿರ ಹೋದರೆ ಗಿಡದಲ್ಲಿ ಕಾಯಿಯೇ ಇಲ್ಲ. ಹೊಟ್ಟೆ ಉರಿಯುತ್ತೆ ಅಲ್ವಾ?

1892ರ ಸುಮಾರಿಗೆ ಮೆಕ್ಸಿಕೊದಿಂದ ಟೆಕ್ಸಾಸಿಗೆ ದಾಟಿದ ಈ ಹುಳ, ವರ್ಷಕ್ಕೊಂದಿಷ್ಟು ದೂರ ಪೂರ್ವಕ್ಕೆ ಸರಿಯುತ್ತ, 1915ರ ಹೊತ್ತಿಗೆ ಎಂಟರ್‌ಪ್ರೈಸ್ ಇರುವ ಕಾಫಿ ಕೌಂಟಿಗೆ ಕಾಲಿಟ್ಟಿತು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಕಾಫಿ ಅಂದರೆ ಚಿಕ್ಕಮಗಳೂರಿನ ಕಾಫಿಯಲ್ಲ, ಜಾನ್ ಕಾಫಿ ಎಂಬ ಸೇನಾಧಿಕಾರಿಯ ಹೆಸರು.

ಹತ್ತಿ ಕೈಕೊಟ್ಟಾಗ ಎಚ್. ಎಂ. ಸೆಷನ್ಸ್ ಎಂಬ ಸ್ಥಳೀಯರು ಹತ್ತಿಯ ಬದಲು ಕಡಲೆಕಾಯಿ ಹಾಕಿ ಎಂದರು. ಸಾಲದಲ್ಲಿ ಮುಳುಗಿದ್ದ ಸಿ. ಡಬ್ಲ್ಯು. ಬಾಸ್ಟನ್ ಎಂಬ ರೈತ 1916ರಲ್ಲಿ ಧೈರ್ಯ ಮಾಡಿದ. ಬೆಳೆ ಕೈಹಿಡಿಯಿತು, ಸಾಲ ತೀರಿತು. ಅವನ ಕಾಯಿಯನ್ನು ಬಿತ್ತನೆಗೆ ಅಂತ ಉಳಿದವರು ಕೊಂಡರು. 1917ರಲ್ಲಿ ಇಡೀ ದೇಶದಲ್ಲೇ ಅತಿ ಹೆಚ್ಚು ಕಡಲೆಕಾಯಿ ಬೆಳೆದದ್ದು ಈ ಕೌಂಟಿ!

ಆಗ ಊರಿನ ವ್ಯಾಪಾರಿ ಬಾನ್ ಫ್ಲೆಮಿಂಗ್‌ಗೆ ಹೊಳೆದದ್ದೇ ಹುಳಕ್ಕೊಂದು ಸ್ಮಾರಕ. 1919ರ ಡಿಸೆಂಬರ್ 11ರಂದು ಪೇಟೆಯ ನಡುವಿನ ಕೂಡುರಸ್ತೆಯಲ್ಲಿ ಅದು ನಿಂತಿತು. ಇಟಲಿಯಿಂದ ತರಿಸಿದ ವಿಗ್ರಹ. ನೆರಿಗೆ ಬಟ್ಟೆ ಉಟ್ಟ ಹೆಂಗಸು, ಎರಡೂ ಕೈ ತಲೆಯ ಮೇಲಕ್ಕೆ. ಭಾಷಣಕ್ಕೆ ಕರೆದದ್ದು ಕಡಲೆಕಾಯಿಯ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರನ್ನೇ. ಮಳೆ ಬಂದು ದಾರಿ ಕೆಟ್ಟು ಬರಲಾಗಲಿಲ್ಲ ಅಂತ ಊರವರು ಹೇಳುತ್ತಾರೆ.

ತಮಾಷೆ ಏನು ಗೊತ್ತಾ? ಹುಳದ ಸ್ಮಾರಕದಲ್ಲಿ ಹುಳವೇ ಇರಲಿಲ್ಲ. 30 ವರ್ಷ ಹಾಗೇ ಇತ್ತು. ಕೊನೆಗೆ 1949ರಲ್ಲಿ ಲೂಥರ್ ಬೇಕರ್ ಎಂಬುವರು ಒಂದು ಹುಳ ಮಾಡಿ ಆಕೆಯ ಕೈಗಿಟ್ಟರು. ಅಂದಿನಿಂದ ಕಳ್ಳರ ಕಾಟ. ಹುಳ ಕದಿಯುವುದು, ಊರವರು ಮತ್ತೆ ತಂದಿಡುವುದು. 1998ರಲ್ಲಂತೂ ಹುಳ ಕೀಳುವ ಭರದಲ್ಲಿ ವಿಗ್ರಹವನ್ನೇ ಹಾಳು ಮಾಡಿದರು. ಮೂಲ ವಿಗ್ರಹ ಈಗ ಮ್ಯೂಸಿಯಮ್ಮಿನಲ್ಲಿದೆ. ರಸ್ತೆಯಲ್ಲಿ ನಿಂತಿರುವುದು ಅದರ ಪ್ರತಿ.

ಹುಳ ಸಮೃದ್ಧಿಯ ಮುಂಗೋಳಿ ಎಂಬರ್ಥದ ಬರಹ ಆ ಸ್ಮಾರಕದಲ್ಲಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಭೂಮಿ ಇದ್ದವನು ಬೆಳೆ ಬದಲಿಸಿದ. ಪಾಲಿಗೆ ದುಡಿಯುತ್ತಿದ್ದ ಕಪ್ಪು ಜನ ಏನು ಮಾಡಬೇಕು? ದಕ್ಷಿಣದ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಉತ್ತರಕ್ಕೆ, ಶಿಕಾಗೊ, ಡೆಟ್ರಾಯಿಟ್ ಕಡೆಗೆ ಹೊರಟವು. ಅದಕ್ಕೆ ಕಾರಣಗಳು ಬೇರೆಯೂ ಇದ್ದವು, ಹುಳವೂ ಒಂದು. ಅವರು ಹುಳದ ಮೇಲೆ ಹಾಡು ಕಟ್ಟಿ ಹಾಡಿದರು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಆ ಕಡೆ ರಸ್ತೆ ಬದಿಯಲ್ಲಿ ದೊಡ್ಡ ಹಂಡೆ ಇಟ್ಟು, ಹಸಿ ಕಡಲೆಕಾಯಿಯನ್ನು ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ ಮಾರುತ್ತಾರೆ. ಥೇಟ್ ನಮ್ಮ ಪರಿಷೆಯ ಹಾಗೆ. ಸುಲಿದರೆ ಬಿಸಿ ಉಪ್ಪುನೀರು ಮುಂಗೈವರೆಗೂ ಇಳಿಯುತ್ತೆ. ನಮಸ್ಕಾರ.