ಲಿವರ್ ಎಳೆಯುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಜ್ಪೆ ಕಡೆಯವರಿಗೆ ಎಟಿಆರ್ ವಿಮಾನದ ಸದ್ದು ಗೊತ್ತೇ ಇರುತ್ತದೆ. ಎರಡು ಪ್ರೊಪೆಲ್ಲರ್, ಎಪ್ಪತ್ತು ಚಿಲ್ಲರೆ ಸೀಟು. ಫ್ಯಾನ್ ಇರುವ ವಿಮಾನ ಎಂದು ಹತ್ತಲು ಹಿಂದೆಮುಂದೆ ನೋಡುವವರೂ ಇದ್ದಾರೆ. ಸುಮ್ನೆ ಭಯ. ಆ ಫ್ಯಾನ್ ತಿರುಗಿಸುವುದೂ ಜೆಟ್ಟಿನಲ್ಲಿರುವಂಥ ಟರ್ಬೈನೇ.

ಇದರ ಪೈಲಟ್‌ಗಳನ್ನು ಪಳಗಿಸುವುದು ಸಿಮ್ಯುಲೇಟರಿನಲ್ಲಿ. ಆರು ಕಾಲಿನ ಮೇಲೆ ಅಲುಗಾಡುವ ದೊಡ್ಡ ಪೆಟ್ಟಿಗೆ. ಒಳಗೆ ಹೊಕ್ಕರೆ ಥೇಟ್ ಕಾಕ್‌ಪಿಟ್. ಹಿಂದೆ ಕೂತ ತರಬೇತುದಾರರು ಸ್ಕ್ರೀನ್ ಮುಟ್ಟಿದರೆ ಸಾಕು, ಜಡಿಮಳೆ, ಅಡ್ಡಗಾಳಿ ಎಲ್ಲ ಹಾಜರು. ಚಕ್ರ ನೆಲ ಬಿಡುವ ಹೊತ್ತಿಗೆ ಸರಿಯಾಗಿ ಒಂದು ಎಂಜಿನ್ ಕೆಡಿಸುತ್ತಾರೆ.

ವಿಮಾನದ ಮೂಗು ಕೆಟ್ಟ ಎಂಜಿನ್ ಕಡೆಗೆ ವಾಲುತ್ತದೆ. ಇನ್ನೊಂದು ಕಡೆಯ ಕಾಲಿನಿಂದ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್ ಒತ್ತಿ ಹಿಡಿಯಬೇಕು. ಬಲ ಹೋದ ಪ್ರೊಪೆಲ್ಲರ್ ಗಾಳಿಯನ್ನು ತಡೆಯುತ್ತದೆ. ದೋಣಿಯ ಹುಟ್ಟನ್ನು ನೀರಲ್ಲಿ ಅಂಚು ತಿರುಗಿಸಿ ಹಿಡಿದರೆ ಸೀಳಿಕೊಂಡು ಹೋಗುತ್ತದಲ್ಲ, ಹಾಗೆ ಅದರ ಅಲಗುಗಳನ್ನೂ ತಿರುಗಿಸಬೇಕು. ಇದಕ್ಕೆ ಫೆದರ್ ಮಾಡುವುದು ಎನ್ನುತ್ತಾರೆ. ಟೇಕಾಫ್ ವೇಳೆ ಎಟಿಆರ್ ಇದನ್ನು ತಾನೇ ಮಾಡಿಕೊಳ್ಳುತ್ತದೆ.

ಕಷ್ಟ ಇರುವುದು ಆಮೇಲೆ. ಒಂದೊಂದು ಎಂಜಿನ್ನಿಗೂ ಬೇರೆ ಲಿವರ್; ಕೆಟ್ಟದ್ದನ್ನು ನಿಲ್ಲಿಸಲು ಯಾವ ಲಿವರ್ ಎಳೆಯುವುದು? ಅದರ ಮೇಲೆ ಕೈ ಇಟ್ಟು, ಇದೇ ತಾನೇ ಎಂದು ಪಕ್ಕದವರನ್ನು ಕೇಳಬೇಕು. ಅವರು ನೋಡಿ ಹೌದು ಎಂದ ಮೇಲೆಯೇ ಎಳೆಯಬೇಕು. ಇಷ್ಟೇ ಅಲ್ವಾ ಅನ್ನಿಸಬಹುದು.

2015ರ ಫೆಬ್ರವರಿ 4ರಂದು ತೈವಾನಿನ ತೈಪೆಯಲ್ಲಿ ಎಟಿಆರ್ ಒಂದು ಮೇಲೇರಿತು. ದೋಷದಿಂದ ಎರಡನೇ ಎಂಜಿನ್ನಿನ ಪ್ರೊಪೆಲ್ಲರ್ ತಾನಾಗಿಯೇ ಫೆದರ್ ಆಯಿತು. ಕ್ಯಾಪ್ಟನ್ ಕೈ ಹಾಕಿದ್ದು ಒಂದನೆಯದಕ್ಕೆ. ತಡೀರಿ, ನೋಡೋಣ ಎಂದು ಪಕ್ಕದವರು ಹೇಳಿದರು. ಅಷ್ಟರಲ್ಲಿ ಎಳೆದಾಗಿತ್ತು, ಆಮೇಲೆ ಆ ಒಳ್ಳೆಯ ಎಂಜಿನ್ ಆಫ್ ಕೂಡ ಆಯಿತು. ವಿಮಾನ ನದಿಗೆ ಬಿತ್ತು. 43 ಜನ ಸತ್ತರು. ಎಂಜಿನ್ ಕೆಟ್ಟಾಗ ಏನು ಮಾಡಬೇಕೆಂಬ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಅದೇ ಕ್ಯಾಪ್ಟನ್ ಹಿಂದೆ ಎಡವಿ, ಮತ್ತೆ ಪರೀಕ್ಷೆ ಕೊಟ್ಟು ಪಾಸಾಗಿದ್ದರು.

ನಮ್ಮ ಮಂಗಳೂರಿನದೂ ಬೇರೆ ಕಥೆಯಲ್ಲ. 2010ರ ಮೇ 22ರಂದು ಬಿದ್ದದ್ದು ಬೋಯಿಂಗ್ ಜೆಟ್, ನಿಜ. ಆದರೆ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಹೇಳಿದ್ದರು. 158 ಜೀವ ಹೋಯಿತು.

ಹಾಗಾಗಿ ಕೈಚಳಕಕ್ಕಿಂತ ಕಿವಿಗೆ ಜಾಸ್ತಿ ಅಂಕ ಕೊಡಬೇಕು ಎನ್ನುವವನು ನಾನು. ತಲೆ ನರೆತ ಕ್ಯಾಪ್ಟನ್ ಕೂಡ ವರ್ಷಕ್ಕೆರಡು ಸಲ ಈ ಪೆಟ್ಟಿಗೆಯೊಳಗೆ ಪರೀಕ್ಷೆಗೆ ಕೂರುತ್ತಾರೆ. ಪಕ್ಕದ ಸೀಟಿನ ಹುಡುಗಿ ತಡೀರಿ ಸಾರ್ ಎಂದಾಗ ಅವರ ಕೈ ನಿಲ್ಲುತ್ತದೋ ಇಲ್ಲವೋ ಎನ್ನುವುದನ್ನೂ ಅಲ್ಲೇ ನೋಡಬಹುದು.

ನಮಸ್ಕಾರ.